ಎಲ್ಲರೂ ಕೈ ಎತ್ತಿದರು, ಎಲ್ಲರಿಗೂ ಖುಷಿಯಾಯಿತೇ?

ಪ್ರಶ್ನೆ: ನಾನು ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕಿ. ಹದಿಮೂರರಿಂದ ಹದಿನೈದು ವರ್ಷದ ಮಕ್ಕಳ ಆಟದ ಅವಧಿಯಲ್ಲಿ ಕವಾಯತು ಕಡಿಮೆ ಮಾಡಿ, ಅವರೇ ಆರಿಸಿಕೊಂಡ ಆಟಗಳನ್ನು ಸೇರಿಸಿದ್ದೇನೆ. ‘ಇಷ್ಟವಾಯಿತೇ?’ ಎಂದರೆ ಎಲ್ಲರೂ ಕೈ ಎತ್ತುತ್ತಾರೆ. ಆದರೆ ಕೆಲವರು ಮೈದಾನದ ಅಂಚಿನಲ್ಲಿ ನಿಂತೇ ಹೊತ್ತು ಕಳೆಯುತ್ತಾರೆ. ಮಕ್ಕಳಿಗೆ ನಿಜಕ್ಕೂ ಖುಷಿಯಾಗುತ್ತಿದೆಯೇ ಎಂದು ಅಳೆಯಬಹುದೇ?

ಉತ್ತರ: ಅಳೆಯಬಹುದು. ಆದರೆ ಎತ್ತಿದ ಕೈಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೇಳುತ್ತಿರುವವರು ಶಿಕ್ಷಕಿ, ನೋಡುತ್ತಿರುವವರು ಗೆಳೆಯರು. ಆ ವಯಸ್ಸಿನಲ್ಲಿ ತಾನೊಬ್ಬಳೇ ಕೈ ಕಟ್ಟಿ ಕೂರುವ ಧೈರ್ಯ ಎಷ್ಟು ಜನರಿಗಿರುತ್ತದೆ?

ಇದಕ್ಕೆಂದೇ, ಅಂದರೆ ದೈಹಿಕ ಚಟುವಟಿಕೆಯಲ್ಲಿ ಸಿಗುವ ಖುಷಿಯನ್ನು ಅಳೆಯಲೆಂದೇ, ‘ಪೇಸಸ್’ (PACES) ಎಂಬ ಪ್ರಶ್ನಾವಳಿ ಇದೆ. ಕೆಂಡ್ಜಿಯರ್ಸ್ಕಿ ಮತ್ತು ಡಿಕಾರ್ಲೊ 1991ರಲ್ಲಿ ಪ್ರಕಟಿಸಿದ ಮೂಲ ರೂಪದಲ್ಲಿ 18 ಅಂಶಗಳಿದ್ದವು. 2001ರಲ್ಲಿ ರಾಬರ್ಟ್ ಮೋಟಲ್ ಮತ್ತು ಸಂಗಡಿಗರು ಅದನ್ನು ಹದಿಹರೆಯದ ಹುಡುಗಿಯರಿಗೆ ಹೊಂದುವಂತೆ ತಿದ್ದಿ 16 ವಾಕ್ಯಗಳಿಗೆ ಇಳಿಸಿದರು. ನಿಮಗೆ ಬೇಕಾದದ್ದು ಈ ಎರಡನೆಯದು. ಆಟವಾಡುವಾಗ ಮೈಗೆ ಹಿತವೆನಿಸುತ್ತದೆಯೇ, ಬೇಸರವಾಗುತ್ತದೆಯೇ, ಬೇರೇನಾದರೂ ಮಾಡಬಹುದಿತ್ತು ಎನಿಸುತ್ತದೆಯೇ ಎಂಬಂಥ ವಾಕ್ಯಗಳಿಗೆ ಮಕ್ಕಳು ತಾವೆಷ್ಟು ಒಪ್ಪುತ್ತೇವೆಂದು 1ರಿಂದ 5ರೊಳಗೆ ಗುರುತಿಸುತ್ತಾರೆ. ಒಂಬತ್ತು ವಾಕ್ಯಗಳು ಮೆಚ್ಚುಗೆಯವು, ಏಳು ಬೇಸರದವು. ಬೇಸರದ ವಾಕ್ಯಗಳ ಅಂಕವನ್ನು 6ರಿಂದ ಕಳೆದು ತಿರುವು ಮಾಡಿ, ಆಮೇಲೆ ಎಲ್ಲವನ್ನೂ ಕೂಡಿಸಬೇಕು. ಮೊತ್ತ 16ರಿಂದ 80ರೊಳಗೆ ಬರುತ್ತದೆ.

ಈ ಏಳು ವಾಕ್ಯಗಳ ಬಗ್ಗೆ ಎಚ್ಚರವಿರಲಿ. ಒಮ್ಮೆ ನನ್ನ ಕೈಗೆ ಬಂದ ಹಾಳೆಯೊಂದರಲ್ಲಿ ಹದಿನಾರೂ ಸಾಲಿಗೆ 5 ಎಂದೇ ಇತ್ತು. ‘ನನಗೆ ಖುಷಿಯಾಗುತ್ತದೆ’ ಎಂಬುದಕ್ಕೂ 5, ‘ನನಗೆ ಬೇಸರವಾಗುತ್ತದೆ’ ಎಂಬುದಕ್ಕೂ 5. ಓದದೆ ತುಂಬಿದ್ದು ಅಲ್ಲಿ ಬಯಲಾಯಿತು. ಬೇಸರದ ವಾಕ್ಯಗಳಿಂದ ಆಗುವ ಉಪಕಾರ ಇದು. ತೊಂದರೆಯೂ ಉಂಟು: ಉತ್ತರಗಳನ್ನು ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಹಚ್ಚಿದಾಗ ಇವು ಮೆಚ್ಚುಗೆಯ ವಾಕ್ಯಗಳೊಡನೆ ಬೆರೆಯದೆ ಬೇರೆಯದೇ ಗುಂಪಾಗಿ ನಿಲ್ಲುತ್ತವೆ, ಅದಕ್ಕೆ ವಾಕ್ಯದ ರಚನೆಯೇ ಬಹುಮಟ್ಟಿಗೆ ಕಾರಣ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಕನ್ನಡಕ್ಕೆ ತರುವಾಗ ಇದು ಇನ್ನೂ ಕಾಡುತ್ತದೆ. ‘ಸ್ವಲ್ಪವೂ ಆಸಕ್ತಿ ಹುಟ್ಟುವುದಿಲ್ಲ’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಎನ್ನಬೇಕಾದಾಗ ದೊಡ್ಡವರೇ ಒಂದು ಗಳಿಗೆ ತಡವರಿಸುತ್ತೇವೆ. ಅನುವಾದವನ್ನು ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಅರ್ಥ ಎಲ್ಲಿ ಜಾರಿದೆ ಎಂದು ಹೋಲಿಸಿ. ಆಮೇಲೆ ಐದಾರು ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ಅವರು ನಿಂತು ಯೋಚಿಸುವ ಕಡೆ ವಾಕ್ಯ ತಿದ್ದಿ.

ಹಾಳೆಯನ್ನು ನೀವೇ ಹಂಚಬೇಡಿ, ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿ. ಹೆಸರು ಬೇಡ. ವರ್ಷದ ಕೊನೆಯ ಉತ್ತರದೊಡನೆ ಹೋಲಿಸಲು ಮಕ್ಕಳೇ ಇಟ್ಟುಕೊಂಡ ಗುಟ್ಟಿನ ಸಂಖ್ಯೆ ಸಾಕು. ಪಂದ್ಯ ಮುಗಿದ ಕೂಡಲೇ ಕೇಳಿದರೆ ಸೋಲು ಗೆಲುವಿನ ಬಿಸಿ ಉತ್ತರಕ್ಕೆ ತಟ್ಟುತ್ತದೆ. ಆ ಕ್ಷಣದ ಭಾವವೇ ಬೇಕಿದ್ದರೆ ಹಾರ್ಡಿ ಮತ್ತು ರೆಜೆಸ್ಕಿ 1989ರಲ್ಲಿ ಕೊಟ್ಟ ಒಂದೇ ಸಾಲಿನ ಮಾಪಕವಿದೆ. ಅಲ್ಲಿ −5 ಎಂದರೆ ತೀರಾ ಕೆಟ್ಟದೆನಿಸುತ್ತಿದೆ, +5 ಎಂದರೆ ತುಂಬಾ ಚೆನ್ನಾಗಿದೆ.

ಸರಾಸರಿ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಮೂವತ್ತು ಮಕ್ಕಳು 70 ದಾಟಿ, ಐವರು 30ರ ಕೆಳಗೆ ಉಳಿದರೂ ತರಗತಿಯ ಸರಾಸರಿ 60ರ ಮೇಲೆ ಸೊಗಸಾಗಿಯೇ ಕಾಣುತ್ತದೆ. ನೀವು ಕೇಳಿದ್ದು ಆ ಐವರ ಬಗ್ಗೆ. ಅವರ ಹಾಳೆಗಳನ್ನು ಒಂದೊಂದೇ ಸಾಲಾಗಿ ಓದಿ. ಮೈಗೆ ಹಿತವೆನಿಸುತ್ತದೆ ಎಂದವಳು, ಏನೋ ಸಾಧಿಸಿದೆ ಎಂಬ ಭಾವಕ್ಕೆ 1 ಕೊಟ್ಟಿದ್ದರೆ ಅವಳಿಗೆ ಆಟ ಬೇಡವಾಗಿಲ್ಲ. ಸದಾ ಸೋಲುವ ತಂಡ ಬೇಡವಾಗಿರಬಹುದು. ಹಾಳೆಯ ಕೊನೆಯಲ್ಲಿ ಎರಡು ಗೆರೆ ಖಾಲಿ ಬಿಟ್ಟು, ಏನು ಬದಲಾದರೆ ನೀವೂ ಆಟಕ್ಕೆ ಸೇರುತ್ತೀರಿ ಎಂದು ಕೇಳಿ. ಅಂಕ ಹೇಳದ ಕಾರಣ ಅಲ್ಲಿ ಸಿಗುತ್ತದೆ.