ರಕ್ತ ಪರೀಕ್ಷೆ ಒಂದೇ ಸಾಕಾ?

ಬ್ಯಾಡಗಿಯ ಓದುಗರೊಬ್ಬರ ಪತ್ರ: "ಅಪ್ಪನಿಗೆ ಹೊಟ್ಟೆ ಉರಿ ಅಂತ ಹುಬ್ಬಳ್ಳಿಯಲ್ಲಿ ಎಂಡೋಸ್ಕೋಪಿ ಮಾಡಿಸಿದೆವು. ಬಯಾಪ್ಸಿ ರಿಪೋರ್ಟಿನಲ್ಲಿ 'ಇಂಟೆಸ್ಟೈನಲ್ ಮೆಟಾಪ್ಲೇಸಿಯಾ' ಅಂತ ಬಂದಿದೆ. ಮನೆಯವರೆಲ್ಲ ಹೆದರಿದ್ದೇವೆ. ಇನ್ನೊಮ್ಮೆ ನಳಿಕೆ ನುಂಗೋದು ನನ್ನಿಂದಾಗಲ್ಲ ಅಂತಾರೆ ಅಪ್ಪ. ಡಿಎನ್‌ಎ ಮಿಥೈಲೇಶನ್ ನೋಡುವ ರಕ್ತ ಪರೀಕ್ಷೆ ಇದೆಯಂತೆ. ಅದನ್ನೇ ಮಾಡಿಸಿದರೆ ಸಾಕಲ್ವಾ?"

ಸಾಲದು. ಯಾಕೆ ಅಂತ ಹೇಳುತ್ತೇನೆ.

ಅದಕ್ಕೂ ಮೊದಲು ಅಪ್ಪನಿಗೆ ಧೈರ್ಯ ಹೇಳಿ. ಈ ರಿಪೋರ್ಟ್ ಕ್ಯಾನ್ಸರ್ ಇದೆ ಅನ್ನುತ್ತಿಲ್ಲ. ಬಹಳ ವರ್ಷದ ಉರಿಯೂತದಿಂದ ಜಠರದ ಒಳಪದರ ಅಲ್ಲಲ್ಲಿ ಕರುಳಿನ ಪದರದಂತೆ ಬದಲಾಗಿದೆ. ಹೀಗಾದ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಕೆಲವರಲ್ಲಿ ಮಾತ್ರ ಇದು ಡಿಸ್‌ಪ್ಲೇಸಿಯಾಕ್ಕೆ (ಕ್ಯಾನ್ಸರಿಗೆ ಮುಂಚೆ ಜೀವಕೋಶಗಳು ಅಡ್ಡಾದಿಡ್ಡಿಯಾಗುವ ಹಂತ), ಅಲ್ಲಿಂದ ಕ್ಯಾನ್ಸರಿಗೆ ಹೋಗುತ್ತದೆ. ಆ ಕೆಲವರು ಯಾರು ಅಂತ ಮುಂಚೆಯೇ ತಿಳಿಯಬೇಕು. ಮಿಥೈಲೇಶನ್ ಮೇಲೆ ವಿಜ್ಞಾನಿಗಳ ಕಣ್ಣು ಬಿದ್ದದ್ದು ಇದಕ್ಕೇ.

ನಮ್ಮ ಜೀನುಗಳ ಮೇಲೆ ಮಿಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಅಂಟಿಕೊಳ್ಳುತ್ತದೆ. ಇದೇ ಮಿಥೈಲೇಶನ್. ಜೀನಿನ ಶುರುವಿನ ಜಾಗದಲ್ಲಿ ಅದು ಜಾಸ್ತಿಯಾದರೆ ಆ ಜೀನು ಕೆಲಸ ನಿಲ್ಲಿಸುತ್ತದೆ. ಖೋಲಿಗೆ ಬೀಗ ಬಿದ್ದ ಹಾಗೆ: ಒಳಗಿನ ಸಾಮಾನು ಹಾಳಾಗಿಲ್ಲ, ಕೈಗೆ ಮಾತ್ರ ಸಿಗುವುದಿಲ್ಲ. ಪಿ16, ಸಿಡಿಎಚ್1, ಎಂಎಲ್‌ಎಚ್1 ಇವೆಲ್ಲ ಕ್ಯಾನ್ಸರನ್ನು ತಡೆಯುವ ಜೀನುಗಳು. ಜಠರದ ಕ್ಯಾನ್ಸರಿನಲ್ಲಿ ಇವು ಹೀಗೆ ಸುಮ್ಮನಾಗಿರುವುದು ಎಷ್ಟೋ ಸಲ ಕಾಣುತ್ತದೆ.

ಇದಕ್ಕೆಲ್ಲ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. 1994ರಲ್ಲೇ ಇದನ್ನು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪಟ್ಟಿಗೆ ಸೇರಿಸಿತು. ಜಪಾನಿನ ತೊಶಿಕಾಜು ಉಶಿಜಿಮಾ ಅವರ ತಂಡ 2006ರಲ್ಲಿ ಕ್ಯಾನ್ಸರ್ ಇಲ್ಲದವರ ಜಠರವನ್ನೇ ಪರೀಕ್ಷಿಸಿತು. ಸೋಂಕು ಇದ್ದವರಲ್ಲಿ ಮಿಥೈಲೇಶನ್ ಕೆಲವು ಜಾಗಗಳಲ್ಲಿ 5 ಪಟ್ಟು, ಕೆಲವು ಜಾಗಗಳಲ್ಲಿ 300 ಪಟ್ಟು ಜಾಸ್ತಿ ಇತ್ತು. ಆಮೇಲೆ ಗರ್ಬಿಲ್ ಎಂಬ ಇಲಿಜಾತಿಯ ಪ್ರಾಣಿಗಳಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಔಷಧ ಕೊಟ್ಟು ಉರಿಯೂತವನ್ನಷ್ಟೇ ತಗ್ಗಿಸಿದಾಗ, ಬ್ಯಾಕ್ಟೀರಿಯಾ ಒಳಗೇ ಇದ್ದರೂ ಮಿಥೈಲೇಶನ್ ಏರಲಿಲ್ಲ. ಅಂದರೆ ಮಿಥೈಲೇಶನ್ನಿನ ಈ ಗುರುತು ಮೂಡಿಸುವುದು ಉರಿಯೂತ. ನನಗಂತೂ ಇದು ಬಹಳ ಮುಖ್ಯವಾದ ಮಾತು ಅನಿಸುತ್ತದೆ. ಬ್ಯಾಕ್ಟೀರಿಯಾ ಹೋದ ಮೇಲೆ ಗುರುತು ಕಡಿಮೆಯಾಗುತ್ತದೆ, ಪೂರ್ತಿ ಅಳಿಯುವುದಿಲ್ಲ. ನೋಡಲು ಚೆನ್ನಾಗಿಯೇ ಕಾಣುವ ಜಾಗದಲ್ಲೂ ಅದು ಉಳಿದಿರುತ್ತದೆ. ಆರಂಭದ ಕ್ಯಾನ್ಸರ್ ತೆಗೆಸಿಕೊಂಡವರಲ್ಲಿ ಈ ಗುರುತು ಹೆಚ್ಚಿದ್ದಷ್ಟೂ ಜಠರದಲ್ಲೇ ಬೇರೆ ಕಡೆ ಹೊಸ ಕ್ಯಾನ್ಸರ್ ಬರುವ ಅಪಾಯ ಹೆಚ್ಚು ಎಂದೂ ಅದೇ ತಂಡ ತೋರಿಸಿದೆ.

ಆದರೆ ಗಮನಿಸಿ. ಅಲ್ಲಿ ಅಳೆದದ್ದು ಎಂಡೋಸ್ಕೋಪಿಯಲ್ಲಿ ತೆಗೆದ ಚೂರಿನಲ್ಲಿ, ರಕ್ತದಲ್ಲಿ ಅಲ್ಲ. ಕ್ಯಾನ್ಸರಿನ ಗುರುತಿರುವ ಡಿಎನ್‌ಎಯನ್ನು ರಕ್ತಕ್ಕೆ ಬಿಡುವುದು ಹೆಚ್ಚಾಗಿ ಬೆಳೆದ ಗಡ್ಡೆ. ನಿಮ್ಮ ತಂದೆಯವರಿಗೆ ಇರುವಂಥ ಬದಲಾವಣೆ ರಕ್ತದಲ್ಲಿ ಸಿಗದೇ ಹೋಗಬಹುದು. "ಏನೂ ಇಲ್ಲ" ಎಂಬ ರಿಪೋರ್ಟ್ ನಂಬಿ ಕೂತರೆ ಅದೇ ಅಪಾಯ. ಅಮೆರಿಕದಲ್ಲಿ 2016ರಲ್ಲಿ ಅನುಮತಿ ಪಡೆದ, ಸೆಪ್ಟಿನ್9 ಎಂಬ ಜೀನಿನ ಮಿಥೈಲೇಶನ್ ನೋಡುವ ರಕ್ತ ಪರೀಕ್ಷೆ ಕೂಡ ದೊಡ್ಡ ಕರುಳಿನ ಕ್ಯಾನ್ಸರಿಗೆ, ಜಠರಕ್ಕಲ್ಲ.

ರಕ್ತ ಪರೀಕ್ಷೆಗೆ ಹಾಕುವ ದುಡ್ಡಿನಲ್ಲಿ ಮೊದಲು ಪೈಲೋರಿ ಇದೆಯೇ ಅಂತ ನೋಡಿಸಿ. ಉಸಿರಿನ ಅಥವಾ ಮಲದ ಪರೀಕ್ಷೆ ಸಾಕು. ಆ್ಯಸಿಡಿಟಿ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಎರಡು ವಾರ ಮೊದಲೇ ನಿಲ್ಲಿಸದಿದ್ದರೆ ಸೋಂಕು ಇದ್ದರೂ ಇಲ್ಲ ಅಂತ ಬರಬಹುದು. ಸೋಂಕು ಇದ್ದರೆ ಆ್ಯಂಟಿಬಯಾಟಿಕ್ ಕೋರ್ಸ್ ಪೂರ್ತಿ ಮುಗಿಸಬೇಕು. ಮುಗಿದು ನಾಲ್ಕು ವಾರವಾದ ಮೇಲೆ ಮತ್ತೆ ಪರೀಕ್ಷಿಸಬೇಕು. ತಂಬಾಕು, ಗುಟ್ಕಾ ಇದ್ದರೆ ಬಿಡಿಸಿ. ಉಪ್ಪು ಕಡಿಮೆ ಮಾಡಿಸಿ.

ಬದಲಾವಣೆ ಜಠರದ ಒಂದೇ ಕಡೆ ಇದೆಯೋ, ಎಲ್ಲ ಕಡೆ ಹಬ್ಬಿದೆಯೋ ಅಂತಲೂ ಕೇಳಿ. ಹಬ್ಬಿದ್ದರೆ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಬೇಕಾಗುತ್ತದೆ. ಒಂದೇ ಕಡೆ ಇದ್ದು, ಮನೆತನದಲ್ಲಿ ಯಾರಿಗೂ ಜಠರದ ಕ್ಯಾನ್ಸರ್ ಇಲ್ಲದಿದ್ದರೆ ಎಷ್ಟೋ ಸಲ ಅದೂ ಬೇಡ. ಬೇಕು ಅಂದರೆ, ಹೋದ ಸಲ ಅಪ್ಪನಿಗೆ ಆದ ತ್ರಾಸು ಡಾಕ್ಟರಿಗೆ ಬಿಡಿಸಿ ಹೇಳಿ. ಮಂಪರು ಬರಿಸುವ ಇಂಜೆಕ್ಷನ್ ಕೊಟ್ಟೂ ಎಂಡೋಸ್ಕೋಪಿ ಮಾಡುತ್ತಾರೆ.