ಜುಲೈನಲ್ಲಿ ಗೋಕರ್ಣದಲ್ಲಿ ಮಕ್ಕಳನ್ನು ನೀರಿಗೆ ಬಿಡಲಿಲ್ಲ, ಈ ಸಲ ಹುಬ್ಬಳ್ಳಿಯಿಂದ ಎರಡು ದಿನ ಹೇಗೆ ಹೋಗೋದು?

ತಪ್ಪಿದ್ದು ಊರಲ್ಲ, ತಿಂಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಕಡಲು ಜೋರಾಗಿರುತ್ತದೆ. ಮಕ್ಕಳು ನೀರಲ್ಲಿ ಆಡಲೇಬೇಕು ಅಂದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಆಗ ಹೊನ್ನಾವರದ ಕಾಸರಕೋಡು ಒಳ್ಳೆಯದು, 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಪಡೆದ ಬೀಚ್ ಅದು.

ಮಳೆಗಾಲದಲ್ಲೇ ರಜೆ ಅಂದರೆ ಕಡಲು ಬಿಟ್ಟು ಹಸಿರು ನೋಡಿ. ಬೆಳಿಗ್ಗೆ ಬೇಗ ಹೊರಟು ಕಲಘಟಗಿ ಮೇಲೆ ಯಲ್ಲಾಪುರ. ಅಲ್ಲಿಂದ ಮೊದಲು ಮಾಗೋಡು ಜಲಪಾತ. ಬೇಡ್ತಿ ನದಿ ಸುಮಾರು 200 ಮೀಟರ್ ಆಳಕ್ಕೆ ಎರಡು ಹಂತದಲ್ಲಿ ಬೀಳುತ್ತದೆ. ಮಂಜು ಮುಚ್ಚಿದ್ದರೆ ವಾಪಸ್ ಹೊರಡಬೇಡಿ, ಬುತ್ತಿ ಬಿಚ್ಚಿ ಅರ್ಧ ಗಂಟೆ ಕೂತಿರಿ, ಸರಿಯುತ್ತದೆ ಅಂತ ಖಾತ್ರಿ ಇಲ್ಲ, ಆದರೆ ಸರಿದರೆ ಆ ನೋಟ ಬೇರೆಯೇ. ಯಲ್ಲಾಪುರದಿಂದ ಕರಾವಳಿಗೆ ಇಳಿಯುವ ಅರಬೈಲ್ ಘಾಟ್ ಮಾತ್ರ ಬೆಳಕಿದ್ದಾಗಲೇ ಇಳಿಯಿರಿ. 2021ರ ಜುಲೈನಲ್ಲಿ ಅಲ್ಲಿ ಗುಡ್ಡ ಕುಸಿದಿತ್ತು. ಹಾಗಾಗಿ ಹೊರಡುವ ದಿನ ರಸ್ತೆ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ. ವಾಂತಿ ಆಗುವ ಮಕ್ಕಳಿದ್ದರೆ ಘಾಟಿಗೆ ಮುಂಚೆ ಹೊಟ್ಟೆ ತುಂಬಾ ತಿನ್ನಿಸಬೇಡಿ.

ರಾತ್ರಿ ಗೋಕರ್ಣ ಅಥವಾ ಕುಮಟಾ. ಮರುದಿನ ಮಿರ್ಜಾನ್ ಕೋಟೆ. ಮಳೆಯಲ್ಲಿ ಆ ಕೆಂಪು ಕಲ್ಲಿನ ಗೋಡೆಗಳ ಮೇಲೆಲ್ಲ ಪಾಚಿ, ಹುಲ್ಲು ಹಬ್ಬಿರುತ್ತದೆ, ಮಕ್ಕಳಿಗೆ ಓಡಾಡಲು ಜಾಗವೂ ಜಾಸ್ತಿ. ಕಲ್ಲು ಜಾರುತ್ತದೆ, ಚಪ್ಪಲಿ ಬೇಡ, ಹಿಡಿತ ಇರುವ ಬೂಟು ಹಾಕಿಸಿ. ಸಮಯ ಉಳಿದರೆ ಹೊನ್ನಾವರದಲ್ಲಿ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗಿನ ಮರದ ಹಾದಿ. ಮಧ್ಯಾಹ್ನದೊಳಗೆ ವಾಪಸ್ ಹೊರಟರೆ ಘಾಟನ್ನು ಕತ್ತಲಾಗುವ ಮೊದಲೇ ಹತ್ತಬಹುದು.