ಮೂರು ವರ್ಷದ ಮಗ ಮೂರು ಭಾಷೆ ಬೆರೆಸಿ ಮಾತಾಡುತ್ತಾನೆ. ಅಜ್ಜಿ ತುಳು ಮಾತಾಡುವುದನ್ನು ನಿಲ್ಲಿಸಬೇಕೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರ ಮನೆ, ಮಗನಿಗೆ ಮೂರು ವರ್ಷ ಎರಡು ತಿಂಗಳು. ನೀವು ಅವನೊಂದಿಗೆ ಕನ್ನಡ ಮಾತಾಡುತ್ತೀರಿ, ಅತ್ತೆ ತುಳು, ಅಂಗನವಾಡಿಯಲ್ಲೂ ನೆರೆಮನೆಯಲ್ಲೂ ಮಲಯಾಳಂ. ಮಗು ಮಾತಾಡುವುದೇ ಕಡಿಮೆ, ಆಡಿದರೆ ಮೂರನ್ನೂ ಬೆರೆಸುತ್ತಾನೆ. ಬರುವ ಜೂನ್‌ನಲ್ಲಿ ಇಂಗ್ಲಿಷ್ ಮಾಧ್ಯಮದ ಎಲ್‌ಕೆಜಿಗೆ ಸೇರಿಸಬೇಕು, ಅದಕ್ಕೆ ಇನ್ನು ಮಗುವಿನ ಹತ್ತಿರ ತುಳು ಬೇಡವೆಂದು ಅಮ್ಮನಿಗೆ ಹೇಳು ಎಂದು ಗಂಡ ನಿಮ್ಮನ್ನು ಒತ್ತಾಯಿಸುತ್ತಿದ್ದಾರೆ. ಹೇಳಲೋ ಬೇಡವೋ ಎಂದು ಕೇಳಿದ್ದೀರಿ.

ಹೇಳಬೇಡಿ. ನಾನು ಹೇಳಿದ್ದೆ.

ನನ್ನ ತವರು ಪುತ್ತೂರಿನ ಕಡೆ, ಗಂಡನ ಮನೆ ಬದಿಯಡ್ಕದ ಹತ್ತಿರ. ಮಗಳಿಗೆ ಮೂರು ತುಂಬಿದ ಸಮಯದಲ್ಲಿ ನಮ್ಮ ಮನೆಯಲ್ಲೂ ಇದೇ ಮಾತು ಎದ್ದಿತ್ತು. ಮಗು ಶಾಲೆಯಲ್ಲಿ ಬಾಯಿ ಬಿಡುತ್ತಿಲ್ಲ, ಮನೆಯಲ್ಲಿ ಎಲ್ಲರೂ ಒಂದೇ ಭಾಷೆ ಮಾತಾಡಿ ಎಂದು ಟೀಚರ್ ಒಬ್ಬರು ಹೇಳಿದರು. ಅವರು ಒಳ್ಳೆಯದಕ್ಕೇ ಹೇಳಿದ್ದು. ಒಂದು ಮಧ್ಯಾಹ್ನ ಅತ್ತೆ ಚಾವಡಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಾಗ ಹೋಗಿ, ಇನ್ನು ಮಗಳ ಹತ್ತಿರ ಕನ್ನಡದಲ್ಲೇ ಮಾತಾಡಿ ಎಂದೆ. ಅತ್ತೆ ತಲೆ ಎತ್ತದೆ 'ಆವು' ಎಂದರು. ಆಗಲಿ ಎಂದರ್ಥ. ಆ ಒಂದು ಪದದಲ್ಲಿ ಎಷ್ಟು ನೋವಿತ್ತೆಂದು ನನಗೆ ತಿಳಿಯಲು ವರ್ಷಗಳೇ ಬೇಕಾದವು.

ಅತ್ತೆ ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಅವರ ಕನ್ನಡ ಪಾಠ ಒಪ್ಪಿಸುವ ಕನ್ನಡ. 'ಮಗೂ, ಊಟ ಮಾಡು. ಕೈ ತೊಳೆ.' ಅದರ ಮುಂದಕ್ಕೆ ಮಾತು ಓಡುತ್ತಿರಲಿಲ್ಲ. ಅದಕ್ಕೂ ಮೊದಲು ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಎದುರುಕತೆ ಹೇಳುತ್ತಿದ್ದರು, ಅಂದರೆ ಒಗಟು. ಉತ್ತರ ಹೊಳೆಯದೆ ಮಗು ಒದ್ದಾಡಿದರೆ ಅವಳ ಹೊಟ್ಟೆಗೆ ಕಚಗುಳಿ ಇಡುತ್ತಿದ್ದರು. ಅದು ನಿಂತಿತು. ಯಾರೂ ನಿಲ್ಲಿಸಿ ಎಂದಿರಲಿಲ್ಲ. ಕನ್ನಡದಲ್ಲಿ ಅವರಿಗೆ ಎದುರುಕತೆ ಬರುತ್ತಿರಲಿಲ್ಲ, ಅಷ್ಟೇ. ಒಂದು ವರ್ಷ ಕಳೆಯುವಷ್ಟರಲ್ಲಿ ಅಜ್ಜಿ ಮೊಮ್ಮಗಳ ನಡುವೆ ಊಟ ತಿಂಡಿಯ ಮಾತು ಮಾತ್ರ ಉಳಿದಿತ್ತು.

ಮಗಳಿಗೆ ಹದಿನೈದು ವರ್ಷವಾದಾಗ ಅತ್ತೆ ಹಾಸಿಗೆ ಹಿಡಿದರು. ಕೊನೆಯ ದಿನಗಳಲ್ಲಿ ಕಲಿತ ಕನ್ನಡವೆಲ್ಲ ಮರೆತು ಹೋಗಿ ತುಳು ಒಂದೇ ಉಳಿಯಿತು. ಮೊಮ್ಮಗಳ ಕೈ ಹಿಡಿದುಕೊಂಡು ಏನೇನೋ ಹೇಳುತ್ತಿದ್ದರು. ಅವಳು ಅಜ್ಜಿ ಏನು ಹೇಳುತ್ತಿದ್ದಾರೆಂದು ನನ್ನ ಮುಖ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಅವಳ ಸ್ವಂತ ಅಜ್ಜಿಯ ಮಾತನ್ನು ಅವಳಿಗೆ ಕನ್ನಡದಲ್ಲಿ ಹೇಳಬೇಕಾಯಿತು. ಈಗ ಅವಳಿಗೆ ಇಪ್ಪತ್ತನಾಲ್ಕು, ಮಂಗಳೂರಿನಲ್ಲಿ ಕೆಲಸ. ಅಲ್ಲಿ ಗೆಳತಿಯರಿಂದ ತುಳು ಕಲಿಯುತ್ತಿದ್ದಾಳೆ.

ಅವಳಿಗಿಂತ ನಾಲ್ಕು ವರ್ಷ ಚಿಕ್ಕವನಾದ ಮಗನ ವಿಷಯದಲ್ಲಿ ನಾನು ಯಾರನ್ನೂ ತಡೆಯಲಿಲ್ಲ. ಅತ್ತೆಗೂ ಅವನೊಂದಿಗೆ ಬಾಯಿ ತೆರೆಯಲು ಧೈರ್ಯ ಬಂದಿತ್ತು. ನಿಮ್ಮ ಮಗನ ವಯಸ್ಸಿನಲ್ಲಿ ಅವನು 'ಎಂಕ್ ವೆಳ್ಳಂ ಬೇಕು' ಎನ್ನುತ್ತಿದ್ದ. ಮೂರು ಪದದ ವಾಕ್ಯ. ಮೊದಲನೆಯದು ತುಳು, ಎರಡನೆಯದು ಮಲಯಾಳಂ, ಮೂರನೆಯದು ಕನ್ನಡ. ನೆಂಟರು ನಗುತ್ತಿದ್ದರು. ಈಗ ಯೋಚಿಸಿದರೆ ಆ ವಾಕ್ಯದಲ್ಲಿ ಒಂದು ತಪ್ಪೂ ಇಲ್ಲ. ಯಾರಿಗೆ, ಏನು, ಬೇಕು ಎಂಬ ಕ್ರಮ ನೆಟ್ಟಗಿದೆ. ಮೂರೂ ಒಂದೇ ಕುಟುಂಬದ ಭಾಷೆಗಳಾದ್ದರಿಂದ ಪದ ಬದಲಾದರೂ ಕಟ್ಟು ಬದಲಾಗುವುದಿಲ್ಲ. ಮಗು ಆ ಹೊತ್ತಿಗೆ ನಾಲಿಗೆಗೆ ಸಿಕ್ಕಿದ ಪದವನ್ನು ಹಾಕುತ್ತದೆ. ಐದು ವರ್ಷದ ಹೊತ್ತಿಗೆ ಅವನು ಎದುರಿಗಿರುವವರ ಮುಖ ನೋಡಿಯೇ ಭಾಷೆ ಬದಲಿಸುತ್ತಿದ್ದ. ನಾವು ಕಲಿಸಿದ್ದಲ್ಲ.

ಹಲವು ಭಾಷೆ ಕೇಳಿ ಬೆಳೆಯುವುದರಿಂದ ಮಗುವಿಗೆ ಮಾತು ತಡವಾಗುವುದಿಲ್ಲ, ಬೆರೆಸಿ ಆಡುವುದು ರೋಗವೂ ಅಲ್ಲ. ಮಾತಿನ ತಜ್ಞರು ಹೇಳುವುದೂ ಇದನ್ನೇ. ನಾವು ಲೆಕ್ಕ ಹಾಕುವಾಗ ತಪ್ಪುತ್ತೇವೆ. 'ಕನ್ನಡ ಇಷ್ಟೇ ಗೊತ್ತು, ಮಲಯಾಳಂ ಇಷ್ಟೇ ಗೊತ್ತು' ಎಂದು ಬೇರೆ ಬೇರೆ ಎಣಿಸಿ ಕಡಿಮೆ ಎಂದುಕೊಳ್ಳುತ್ತೇವೆ. ಎಲ್ಲವನ್ನೂ ಸೇರಿಸಿ ಎಣಿಸಬೇಕು. ಒಂದು ವಾರ ಅವನು ಆಡಿದ ಪ್ರತಿಯೊಂದು ಪದವನ್ನೂ, ಯಾವ ಭಾಷೆಯದಾದರೂ ಸರಿ, ಕ್ಯಾಲೆಂಡರಿನ ಹಿಂದೆ ಬರೆದಿಡಿ. ಬೆಕ್ಕು, ಪುಚ್ಚೆ, ಪೂಚ್ಚ ಮೂರನ್ನೂ ಹೇಳಿದರೆ ಅವನಿಗೆ ಮೂರು ಪದ ಗೊತ್ತು ಎಂದೇ ಲೆಕ್ಕ. ಅತ್ತೆಯ ಸಹಾಯವಿಲ್ಲದೆ ಈ ಪಟ್ಟಿ ಪೂರ್ತಿಯಾಗುವುದಿಲ್ಲ ಎಂಬುದನ್ನೂ ಗಮನಿಸಿ.

ಅಂಗನವಾಡಿಯಲ್ಲಿ ಮೌನವಾಗಿರುತ್ತಾನೆ ಎಂಬುದಕ್ಕೆ ಹೆದರಬೇಡಿ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಕೇಳಿಸಿಕೊಳ್ಳುತ್ತಲೇ ಇರುತ್ತಾರೆ.

ಆದರೆ ಮನೆಯಲ್ಲೂ ಮಾತು ಕಡಿಮೆ ಎಂದು ಬರೆದಿದ್ದೀರಲ್ಲ, ಅದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ವರ್ಷಕ್ಕೆ ಎರಡು ಪದ ಜೋಡಿಸಬೇಕು, ಸುಮಾರು ಐವತ್ತು ಪದಗಳಾದರೂ ಇರಬೇಕು. ಮೂರು ದಾಟಿದ ಮೇಲೆ ಮೂರು ಪದದ ವಾಕ್ಯ ಬರಬೇಕು, ಆಡಿದ ಮಾತು ಹೊರಗಿನವರಿಗೂ ಬಹುಪಾಲು ತಿಳಿಯಬೇಕು. 'ಚಪ್ಪಲಿ ತೆಗೆದುಕೊಂಡು ಬಾಗಿಲ ಹತ್ತಿರ ಇಡು' ಎಂದರೆ ಯಾವುದಾದರೊಂದು ಭಾಷೆಯಲ್ಲಿ ಅರ್ಥವಾಗಬೇಕು. ಇವು ಆಗುತ್ತಿಲ್ಲವಾದರೆ, ಅಥವಾ ಹಿಂದಿನಿಂದ ಹೆಸರು ಕರೆದಾಗ ತಿರುಗುವುದಿಲ್ಲವಾದರೆ, ಗಂಡು ಮಕ್ಕಳಿಗೆ ಮಾತು ತಡ ಎಂದು ಹೇಳುವವರ ಮಾತು ಕೇಳಿ ಕೂರಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೇಲಿಂದ ಮೇಲೆ ಶೀತವಾಗುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ನೀರು ನಿಂತು ಕೇಳಿಸುವುದು ಮಂಕಾಗುತ್ತದೆ. ಮಗು ಹೇಳಿಕೊಳ್ಳುವುದಿಲ್ಲ, ನಮಗೆ ಗೊತ್ತಾಗುವುದೂ ಇಲ್ಲ. ಮಂಗಳೂರಿನ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಕಿವಿ ಮತ್ತು ಮಾತಿನ ವಿಭಾಗಗಳಿವೆ. ಇನ್ನೂ ವಿವರವಾಗಿ ನೋಡಿಸಬೇಕಾದರೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹಾಗೆಯೇ ಊಟದ ಹೊತ್ತಿಗೆ ಮೊಬೈಲ್ ಕೊಡುತ್ತಿದ್ದರೆ ನಿಲ್ಲಿಸಿ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೊಬೈಲ್ ಯಾವ ಭಾಷೆಯಲ್ಲಿ ಮಾತಾಡಿದರೂ ಮಗು ಹೇಳಿದ್ದಕ್ಕೆ ತಿರುಗಿ ಉತ್ತರ ಕೊಡುವುದಿಲ್ಲ.

ಇನ್ನು ನಿಮ್ಮ ಗಂಡ. ಅವರ ಮೇಲೆ ಸಿಟ್ಟಾಗುವ ಮೊದಲು ಒಂದು ಪ್ರಶ್ನೆ ಕೇಳಿ ನೋಡಿ. ಭಾಷೆ ಬಾರದೆ ನೀವು ಎಲ್ಲಾದರೂ ತಲೆ ತಗ್ಗಿಸಿ ನಿಂತಿದ್ದಿರಾ? ನನ್ನ ಗಂಡನನ್ನು ನಾನು ಇದನ್ನು ಕೇಳಿದ್ದು ಮದುವೆಯಾಗಿ ಹತ್ತು ವರ್ಷದ ನಂತರ. ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿ ಕಾಲೇಜಿಗೆ ಹೋದಾಗ ತರಗತಿಯಲ್ಲಿ ಎದ್ದು ನಿಂತು ಮಲಯಾಳಂನಲ್ಲಿ ಉತ್ತರ ಹೇಳಿದ್ದು, ಎಲ್ಲರೂ ನಕ್ಕದ್ದು, ಆಮೇಲೆ ಆ ವರ್ಷ ಪೂರ್ತಿ ಬಾಯಿ ತೆರೆಯದೆ ಕಳೆದದ್ದು, ಇದೆಲ್ಲವನ್ನೂ ಇವರು ಅಂದು ರಾತ್ರಿ ಮೊದಲ ಬಾರಿಗೆ ಹೇಳಿದರು. ನನ್ನ ಮಗಳು ಹಾಗೆ ನಿಲ್ಲಬಾರದು ಎಂಬುದೊಂದೇ ಅವರ ತಲೆಯಲ್ಲಿದ್ದದ್ದು. ತುಳುವಿನ ಮೇಲೆ ದ್ವೇಷವಿರಲಿಲ್ಲ.

ನಮ್ಮ ನೆಲದಲ್ಲಿ ಈ ಭಯಕ್ಕೆ ಕಾರಣವಿದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕಾಸರಗೋಡು ಕೇರಳಕ್ಕೆ ಸೇರಿತು. ಮಾವನ ಕಾಲದ ಜಾಗದ ಕಾಗದಪತ್ರ ಕನ್ನಡದಲ್ಲಿದೆ, ಮಗನ ಕಾಲದ ಅರ್ಜಿ ಮಲಯಾಳಂನಲ್ಲಿ. ಬಸ್ಸಿನ ಬೋರ್ಡು, ಕಚೇರಿಯ ನೋಟಿಸು, ಸರ್ಕಾರಿ ಕೆಲಸದ ದಾರಿ, ಎಲ್ಲದಕ್ಕೂ ಮಲಯಾಳಂ ಬೇಕು. ಅದನ್ನು ಮಗು ಚೆನ್ನಾಗಿ ಕಲಿಯಲೇಬೇಕು, ಕಲಿಯುತ್ತದೆ ಕೂಡ. ಅಂಗಳ ದಾಟಿದರೆ ಅದೇ ಭಾಷೆ, ಜೊತೆಗೆ ಆಡುವ ಮಕ್ಕಳೂ ಅದನ್ನೇ ಮಾತಾಡುತ್ತಾರೆ. ಆದರೆ ಅಜ್ಜಿಯ ತುಳು ಅವನಿಗೆ ಬೇರೆ ಯಾವ ಅಂಗಳದಲ್ಲಿ ಆ ಪ್ರೀತಿಯೊಂದಿಗೆ ಸಿಗುತ್ತದೆ? ಒಂದನ್ನು ಕಿತ್ತರೆ ಇನ್ನೊಂದು ಬಲವಾಗುತ್ತದೆ ಎನ್ನಲು ಇದು ತೋಟವಲ್ಲ.

ಶಾಲೆಯ ಮಾಧ್ಯಮದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಸೌಲಭ್ಯ ಇರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸೇರ್ಪಡೆಯಾದದ್ದೂ 1956ರಲ್ಲೇ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಶುಲ್ಕ ಕಟ್ಟುವ ಮೊದಲು ಹತ್ತಿರದ ಶಾಲೆಗೆ ಇಬ್ಬರೂ ಒಮ್ಮೆ ಹೋಗಿ ನೋಡಿ ಬನ್ನಿ. ಇಂಗ್ಲಿಷ್ ಮಾಧ್ಯಮಕ್ಕೇ ಸೇರಿಸಿದರೂ ರಾತ್ರಿ ಕತೆ ಹೇಳುವುದು ನಿಮ್ಮ ಕನ್ನಡದಲ್ಲೇ ಇರಲಿ.

ಗಂಡನೊಂದಿಗೆ ಮಾತಾಡುವಾಗ ಅತ್ತೆ ಎದುರಿಗೆ ಇರಬಾರದು, ಮಗುವೂ ಇರಬಾರದು. ಮಕ್ಕಳಿಗೆ ತಮ್ಮ ಬಗ್ಗೆ ಆಡುವ ಮಾತು ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ಅವರ ಭಯವನ್ನು ಕೇಳಿ ಮುಗಿಸಿದ ಮೇಲೆ ಸ್ಪಷ್ಟವಾಗಿ ಹೇಳಿ: ನಿಮ್ಮ ಅಮ್ಮನಿಗೆ ಹೇಳಬೇಕಾದದ್ದಿದ್ದರೆ ನೀವೇ ಹೇಳಿ, ನನ್ನ ಬಾಯಿಂದ ಬೇಡ. ಮಗ ಹೇಳಿದರೆ ತಾಯಿ ಜಗಳವಾಡಬಹುದು, ಬೈಯಬಹುದು. ಸೊಸೆ ಹೇಳಿದರೆ 'ಆವು' ಎಂದು ತಲೆ ತಗ್ಗಿಸುವುದಷ್ಟೇ ಉಳಿಯುತ್ತದೆ. ನಮ್ಮ ಮನೆಯಲ್ಲಿ ಆದದ್ದು ಅದೇ. ನನ್ನ ಅಂದಾಜಿನಲ್ಲಿ, ತಾವೇ ಹೇಳಬೇಕೆಂದಾದಾಗ ನಿಮ್ಮ ಗಂಡ ಹೇಳುವುದಿಲ್ಲ.

ಕಿವಿ ಪರೀಕ್ಷೆಗೆ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಮಗು ಯಾವ ಮಾತಿಗೆ ತಿರುಗುತ್ತಾನೆ, ಯಾವ ಪದ ಹೇಳುತ್ತಾನೆ ಎಂದು ಡಾಕ್ಟರ್ ಕೇಳುತ್ತಾರೆ. ಅವನು ತುಳುವಿನಲ್ಲಿ ಆಡುವುದೆಲ್ಲ ಅತ್ತೆಗೆ ಮಾತ್ರ ಗೊತ್ತು.